ದಿನಕ್ಕೆ 600 ಮೀಟರ್: ಅದು ಈಗಿನ ಅಂಟಾರ್ಕ್ಟಿಕಾ ಅಲ್ಲ

ಅಂಟಾರ್ಕ್ಟಿಕಾದ ಹಿಮ ಈಗ ದಿನಕ್ಕೆ 600 ಮೀಟರ್ ಹಿಂದೆ ಸರಿಯುತ್ತಿದೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅಂಕಿ ಸುಳ್ಳಲ್ಲ. ಜಾಗ, ಕಾಲ ಎರಡೂ ತಪ್ಪು. 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಆ ಅಧ್ಯಯನ ನಾರ್ವೆ ಕರಾವಳಿಯಾಚೆಯ ಸಮುದ್ರತಳದ್ದು. ಕಳೆದ ಹಿಮಯುಗದ ಕೊನೆಯಲ್ಲಿ ಅಲ್ಲಿದ್ದ ಹಿಮಹಾಸಿನ ಕಥೆ.

ಲೆಕ್ಕ ಹಾಕಿದ್ದು ಹೇಗೆ ಅನ್ನುವುದೇ ಸ್ವಾರಸ್ಯ. ಉಬ್ಬರ ಇಳಿತಕ್ಕೆ ತಕ್ಕಂತೆ ಹಿಮದ ಅಂಚು ಏಳುತ್ತದೆ, ಮತ್ತೆ ತಳದ ಮೇಲೆ ಕೂರುತ್ತದೆ. ಕೂತಾಗಲೆಲ್ಲ ಅಡಿಯ ಕೆಸರು ಒತ್ತಿಕೊಂಡು ಗದ್ದೆಯ ಬದುವಿನಂಥ ಸಣ್ಣ ದಿಬ್ಬವಾಗುತ್ತದೆ. ದಿನಕ್ಕೆ ಎರಡು ಇಳಿತ, ಎರಡು ದಿಬ್ಬ. ದಿಬ್ಬಗಳ ನಡುವಿನ ಅಂತರ, ಅಂದರೆ ಒಂದು ಇಳಿತದಿಂದ ಇನ್ನೊಂದಕ್ಕೆ ಹಿಮ ಹಿಂದೆ ಸರಿದ ದೂರ, 25ರಿಂದ 300 ಮೀಟರ್. ಗುಣಿಸಿ ನೋಡಿ! ಅದೂ ತಳ ಸಮತಟ್ಟಾಗಿದ್ದ ಕಡೆ, ಹೆಚ್ಚೆಂದರೆ ಕೆಲವು ತಿಂಗಳು ಮಾತ್ರ.

ಹಾಗಂತ ಸುಮ್ನೆ ತಳ್ಳಿಹಾಕುವಂತಿಲ್ಲ. ಅಂಟಾರ್ಕ್ಟಿಕಾದ ಥ್ವೇಟ್ಸ್ ಹಿಮನದಿಯ ಮುಂದೆಯೂ ಇಂಥ ದಿಬ್ಬಗಳಿವೆ. ಅಲ್ಲಿ ಹಿಂದೊಮ್ಮೆ ಹಿಮ ಹಿಂದೆ ಸರಿದ ವೇಗ ವರ್ಷಕ್ಕೆ 2.1 ಕಿ.ಮೀ.ಗಿಂತ ಜಾಸ್ತಿ.