ಬೋಲ್ಟಿಗೆ ಸ್ಪ್ಯಾನರ್ ಕೂಡ ತಾಗಿಸದೆ 139 ಡಾಲರ್ ತಗೊಂಡರು

ವೀಲ್ ಅಲೈನ್‌ಮೆಂಟ್ ಮಾಡಿಸಿ, ದುಡ್ಡು ಕೊಟ್ಟು ಹೊರಗೆ ಬಂದೆ. ಗಾಡಿ ಇನ್ನೂ ಎಡಕ್ಕೇ ಎಳೆಯುತ್ತಿದೆ. ಅಮೆರಿಕದಲ್ಲಿ ಎದುರಿನ ಗಾಡಿಗಳು ಬರುವುದು ನಮ್ಮ ಎಡಗಡೆಯಿಂದ. ನಮ್ಮ ಮನೆ ಕಡೆಯದು ಎರಡು ಲೇನಿನ ರಸ್ತೆ, 55 ಮೈಲಿ ಸ್ಪೀಡು, ಹಿಂದಿನ ಸೀಟಿನಲ್ಲಿ ಮಗಳು. ಸ್ಟೀರಿಂಗ್ ಹಿಡಿತ ಸ್ವಲ್ಪ ಸಡಿಲವಾದರೆ ಸಾಕು, ಗಾಡಿ ನಡುವಿನ ಹಳದಿ ಗೆರೆ ಕಡೆಗೆ ಹೋಗುತ್ತದೆ. ಎದುರಿಗೆ ಟ್ರೇಲರ್ ಬಂದಾಗೆಲ್ಲ ಎದೆ ಧಸಕ್ ಎನ್ನುತ್ತದೆ. ನನ್ನ ಸಿಟ್ಟು ಬರೀ ದುಡ್ಡಿನದಲ್ಲ.

ನನ್ನದು 2006ರ ಟೊಯೋಟಾ ಟಕೋಮಾ ಪಿಕಪ್. ನಾವಿರುವುದು ಮಿಶಿಗನ್‌ನಲ್ಲಿ. ಪಿಕಪ್‌ಗಳನ್ನು ಹಿಂದೆ ಸ್ವಲ್ಪ ಎತ್ತರವಾಗಿಯೇ ಮಾಡಿರುತ್ತಾರೆ, ಲೋಡ್ ಬಿದ್ದಾಗ ಮಟ್ಟಸವಾಗಲಿ ಅಂತ. ಇಷ್ಟು ವರ್ಷ ಓಡಿದ ಮೇಲೆ ನನ್ನ ಗಾಡಿಯ ಮುಂದಿನ ಸ್ಪ್ರಿಂಗು ಇನ್ನೂ ಕುಸಿದಿತ್ತು. ಹಿಮ ಗಟ್ಟಿಯಾದಾಗ ಮುಂದಿನ ಬಂಪರ್ ಕೆರೆಯುತ್ತಿತ್ತು. ಅದಕ್ಕೇ ಮುಂಭಾಗ ಎತ್ತಿ ಹಿಂದಿನದಕ್ಕೆ ಸಮ ಮಾಡುವ ಲೆವೆಲಿಂಗ್ ಕಿಟ್ ಹಾಕಿಸಿದೆ. ದೊಡ್ಡ ವಿಷಯವೇನಲ್ಲ. ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಟ್ಟಿಗಿರುವ ಮುಂದಿನ ಸ್ಟ್ರಟ್ ತಲೆಯ ಮೇಲೆ ಒಂದು ದಪ್ಪ ಬಿಲ್ಲೆ ಕೂರಿಸುತ್ತಾರೆ. ಸ್ಟ್ರಟ್ಟು, ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಆರ್ಮಿನ ನಡುಭಾಗದಲ್ಲಿ ಕೂರುವುದರಿಂದ 1 ಇಂಚಿನ ಬಿಲ್ಲೆ ಹಾಕಿದರೆ ಚಕ್ರದ ಹತ್ತಿರ ಸುಮಾರು 2 ಇಂಚು ಏರುತ್ತದೆ.

ಹೀಗೆ ಏರಿಸಿದರೆ ಅಲೈನ್‌ಮೆಂಟ್ ಕೆಡುವುದು ನನಗೂ ಗೊತ್ತು. ಆರ್ಮುಗಳು ಕೆಳಗೆ ಬಾಗುತ್ತವೆ. ಚಕ್ರದ ಮೂರು ಕೋನಗಳೂ ಬದಲಾಗುತ್ತವೆ. ಟೋ ಅಂದರೆ ಚಕ್ರದ ಮೂತಿ ಒಳಗೆ ತಿರುಗಿದೆಯೋ ಹೊರಗೋ ಅನ್ನುವುದು. ಕ್ಯಾಂಬರ್ ಅಂದರೆ ಚಕ್ರದ ಮೇಲ್ತುದಿ ಎತ್ತ ವಾಲಿದೆ ಅನ್ನುವುದು. ಮೂರನೆಯದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ವಾಲಿಕೊಂಡಿರುತ್ತದಲ್ಲ, ಅದೇ. ಆ ವಾಲು ಇದ್ದರೇ ಗಾಡಿ ನೆಟ್ಟಗೆ ಹೋಗುವುದು, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ವಾಪಸ್ ಬರುವುದು. ಮುಂದೆ ಎತ್ತಿದಾಗ ಇದು ಕಮ್ಮಿಯಾಗುತ್ತದೆ. ಎರಡು ಬದಿಗೂ ಒಂದೇ ಸಮ ಇರದಿದ್ದರೆ, ಕಮ್ಮಿ ಇರುವ ಕಡೆಗೆ ಗಾಡಿ ಎಳೆಯುತ್ತದೆ.

ಇದನ್ನೆಲ್ಲ ಓದಿಕೊಂಡೇ ಅಂಗಡಿಗೆ ಹೋಗಿದ್ದೆ. ಕೌಂಟರಿನಲ್ಲಿ ಬಿಡಿಸಿ ಹೇಳಿದೆ. "ಮುಂದೆ 2 ಇಂಚು ಎತ್ತಿಸಿದ್ದೇನೆ, ಎಡಕ್ಕೆ ಎಳೆಯುತ್ತಿದೆ, ಕ್ಯಾಸ್ಟರ್ ಸರಿ ಮಾಡಿ." ಆಯ್ತು ಅಂದರು. ನಾಲ್ಕು ಚಕ್ರದ ಅಲೈನ್‌ಮೆಂಟ್, 139 ಡಾಲರ್. ಈ ಗಾಡಿಯ ಹಿಂದೆ ಇರುವುದು ಲೀಫ್ ಸ್ಪ್ರಿಂಗು, ಒಂದೇ ಗಟ್ಟಿ ಆಕ್ಸಲ್. ಅಲ್ಲಿ ಅಡ್ಜಸ್ಟ್ ಮಾಡುವುದಕ್ಕೆ ಏನೂ ಇಲ್ಲ, ಅಳೆದು ನೋಡಬಹುದು ಅಷ್ಟೇ. ಆದರೂ ರೇಟು ನಾಲ್ಕು ಚಕ್ರದ್ದು. ಸರಿ, ಮುಂದಿನದ್ದಾದರೂ ಚೆನ್ನಾಗಿ ಮಾಡಲಿ ಅಂತ ಸುಮ್ಮನಾದೆ.

ಒಂದು ಗಂಟೆ ಆದ ಮೇಲೆ ಕೀ ಕೊಟ್ಟರು, ಜೊತೆಗೆ ಪ್ರಿಂಟೌಟು. ಎಡಗಡೆ ಕ್ಯಾಸ್ಟರ್ ಮೊದಲು 1.1 ಡಿಗ್ರಿ, ಆಮೇಲೆ 1.1. ಬಲಗಡೆ ಮೊದಲು 2.3, ಆಮೇಲೆ 2.3. ಎಡಗಡೆ ಕ್ಯಾಂಬರ್ ಕೆಂಪು, ಅಂದರೆ ಅಳತೆ ತಪ್ಪಿದೆ, ಮೇಲ್ತುದಿ ಹೊರಗೆ ವಾಲಿದೆ, ಅದೂ ಇದ್ದ ಹಾಗೇ ಇದೆ. ಹಸಿರಾಗಿದ್ದದ್ದು ಟೋ ಒಂದೇ. ಟೋ ಸರಿಮಾಡಲು, ಚಕ್ರವನ್ನು ಸ್ಟೀರಿಂಗಿಗೆ ಸೇರಿಸುವ ಟೈ ರಾಡಿನ ಲಾಕ್ ನಟ್ ಸಡಿಲಿಸಿ ತಿರುಗಿಸಿದರೆ ಆಯಿತು, ಹತ್ತು ನಿಮಿಷದ ಕೆಲಸ. ನಮ್ಮ ಹಾಸನದಲ್ಲಿ ಲಾರಿ ಮೆಕ್ಯಾನಿಕ್ಕುಗಳು ಚಕ್ರಕ್ಕೆ ದಾರ ಕಟ್ಟಿ, ಸ್ಕೇಲು ಹಿಡಿದು ಟೋ ನೋಡುತ್ತಿದ್ದದ್ದನ್ನು ಚಿಕ್ಕವನಿದ್ದಾಗ ನೋಡಿದ್ದೇನೆ. ಲಕ್ಷಾಂತರ ರೂಪಾಯಿಯ ಕ್ಯಾಮೆರಾ ಮಷೀನು ಇಟ್ಟುಕೊಂಡು ಇವರು ಮಾಡಿದ್ದು ಅಷ್ಟೇ.

ಕೇಳಿದ್ದಕ್ಕೆ, "ಮಾಡಿಫೈ ಮಾಡಿದ ಗಾಡಿ ಸರ್, ಇಷ್ಟೇ ಬರೋದು" ಅಂದರು. ಎರಡು ಬದಿಗೂ ಒಂದೇ ಬಿಲ್ಲೆ ಹಾಕಿದೆ, ಹಾಗಿದ್ದರೆ ಎರಡು ಬದಿಗೂ ಯಾಕೆ ಇಷ್ಟು ವ್ಯತ್ಯಾಸ ಅಂದೆ. ಆಗ ಮಾತು ಬದಲಾಯಿತು. "ಕ್ಯಾಮ್ ಬೋಲ್ಟುಗಳು ನಾಲ್ಕೂ ತುಕ್ಕು ಹಿಡಿದು ಕೂತಿವೆ. ಕತ್ತರಿಸಿ ತೆಗೆದು ಹೊಸ ಬುಶ್ ಹಾಕಬೇಕು, 1,150 ಡಾಲರ್ ಆಗುತ್ತದೆ." ಕ್ಯಾಮ್ ಬೋಲ್ಟು ಅಂದರೆ ಕೆಳಗಿನ ಆರ್ಮಿನ ಬುಡದ ಬೋಲ್ಟು, ಬದಿಗೆ ಎರಡು; ತಿರುಗಿಸಿದರೆ ಆರ್ಮು ಸರಿದು ಕ್ಯಾಸ್ಟರ್, ಕ್ಯಾಂಬರ್ ಬದಲಾಗುತ್ತವೆ. ಬುಶ್ ಅಂದರೆ ಆ ಬೋಲ್ಟಿನ ಸುತ್ತ ಕೂರುವ ರಬ್ಬರ್ ತುಂಡು. ಹಾಗಿದ್ದರೆ ಬೋಲ್ಟು ತಿರುಗುವುದಿಲ್ಲ ಅಂತ ಗೊತ್ತಾದ ಕೂಡಲೇ ನನಗೊಂದು ಫೋನ್ ಮಾಡಬೇಕಿತ್ತಲ್ವಾ? ಪೂರ್ತಿ ದುಡ್ಡು ತಗೊಂಡು, ನಾನು ಕಾಗದ ಓದಿ ಕೇಳಿದ ಮೇಲೆ ಹೇಳುವುದಾ? ಓದದೆ ಜೇಬಿಗೆ ಹಾಕಿಕೊಂಡು ಹೋದವರ ಗತಿ ಏನು?

ಬೋಲ್ಟು ಹಿಡಿದುಕೊಳ್ಳುವುದು ಸುಳ್ಳಲ್ಲ. ಇಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯ್ಟ್ ಊರಿನ ಕೆಳಗೇ, ಸಾವಿರ ಅಡಿಗೂ ಜಾಸ್ತಿ ಆಳದಲ್ಲಿ, ದೊಡ್ಡ ಉಪ್ಪಿನ ಗಣಿ ಇದೆ. ಆ ಉಪ್ಪುನೀರು ಬೋಲ್ಟಿಗೂ ಬುಶ್ಶಿನ ಒಳಗಿನ ಕಬ್ಬಿಣದ ಕೊಳವೆಗೂ ನಡುವೆ ಇಳಿದು ಎರಡನ್ನೂ ಒಂದೇ ಮಾಡಿಬಿಡುತ್ತದೆ. ಬಿಸಿ ಮಾಡಿ ಬಿಡಿಸೋಣ ಅಂತ ಬೆಂಕಿ ತೋರಿಸಿದರೆ ಬುಶ್ಶಿನ ರಬ್ಬರ್ ಸುಟ್ಟು ಹೋಗುತ್ತದೆ. ಹಾಗಾಗಿ ಕತ್ತರಿಸಬೇಕಾಗಿ ಬರುವುದುಂಟು. ಇದು ಉಪ್ಪಿನ ತೊಂದರೆ, ಗಾಡಿಯದ್ದೂ ಅಲ್ಲ, ಅಂಗಡಿಯವರದ್ದೂ ಅಲ್ಲ.

ಆದರೆ ಆ ಶನಿವಾರ ದಾವಣಗೆರೆ ಕಡೆಯ ಗೆಳೆಯನೊಬ್ಬ ಮನೆಗೆ ಬಂದಿದ್ದ. ಗಾಡಿ ಕೆಲಸ ಚೆನ್ನಾಗಿ ಬಲ್ಲವನು. ಜಾಕ್ ಹಾಕಿ, ಸ್ಟ್ಯಾಂಡ್ ಇಟ್ಟು, ಟಾರ್ಚ್ ಹಿಡಿದು ಕೆಳಗೆ ತೂರಿದ. ಐದು ನಿಮಿಷ ಮಾತೇ ಇಲ್ಲ. ಆಮೇಲೆ, "ಗುರು, ಇಲ್ಲಿ ಬಾ, ನೀನೇ ನೋಡು" ಅಂದ. ಟೈ ರಾಡಿನ ನಟ್ಟಿನ ಮೇಲೆ ಹೊಸ ಗೀರು ಪಳಪಳ ಹೊಳೆಯುತ್ತಿತ್ತು. ಕ್ಯಾಮ್ ಬೋಲ್ಟಿನ ನಟ್ಟುಗಳ ಮೇಲೆ ಹಳೇ ತುಕ್ಕು, ಅದರ ಮೇಲೆ ಒಣಗಿದ ಕೆಸರು, ಮೂಲೆಗಳಲ್ಲಿ ಕೂಡ ಒಂದು ಗೀರಿಲ್ಲ. ನಾಲ್ಕರಲ್ಲಿ ಒಂದಕ್ಕೂ ಸ್ಪ್ಯಾನರ್ ತಾಗಿಯೇ ಇಲ್ಲ. ಮುಟ್ಟದೆಯೇ ಹಿಡಿದುಕೊಂಡಿದೆ ಅಂತ ಹೇಳಿದ್ದರು! ನನಗೆ ಮೈಯೆಲ್ಲ ಉರಿದುಹೋಯಿತು.

ರಾತ್ರಿಯೆಲ್ಲ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟೆವು. ಮಾರನೇ ದಿನ ಬೋಲ್ಟು ಮೊದಲು ಎಲ್ಲಿತ್ತು ಅಂತ ಬಿಳಿ ಪೇಂಟಿನಲ್ಲಿ ಗುರುತು ಹಾಕಿ, ಉದ್ದದ ಬ್ರೇಕರ್ ಬಾರ್ ಹಾಕಿ ಎಳೆದೆವು. ಬಲಗಡೆಯ ಎರಡೂ ತಿರುಗಿದವು. ಎಡಗಡೆ ಹಿಂದಿನದು ಕಿರ್ರೆಂದು ಸದ್ದು ಮಾಡಿ ತಿರುಗಿತು. ನಿಜವಾಗಿ ಹಿಡಿದುಕೊಂಡಿದ್ದದ್ದು ಎಡಗಡೆ ಮುಂದಿನದು ಒಂದೇ. ಒಂದು ಆರ್ಮಿನ ಎರಡು ಕ್ಯಾಮನ್ನೂ ಒಂದೇ ದಿಕ್ಕಿಗೆ ಸರಿಸಿದರೆ ಕ್ಯಾಂಬರ್ ಬದಲಾಗುತ್ತದೆ, ಎದುರುಬದುರಾಗಿ ಸರಿಸಿದರೆ ಕ್ಯಾಸ್ಟರ್. ಹಾಗಾಗಿ ಆ ಒಂದನ್ನು ಕತ್ತರಿಸಲೇಬೇಕು, ಒಪ್ಪುತ್ತೇನೆ. ಆದರೂ ಕ್ಯಾಸ್ಟರ್ ಸಾಲದೆ ಬಂದರೆ ಬೇರೆ ಮೇಲಿನ ಆರ್ಮು ಹಾಕಬೇಕಾಗಬಹುದು, ಅದಕ್ಕೂ ತಯಾರಿದ್ದೇನೆ. ಒಂದು ಬೋಲ್ಟಿನ ಕೆಲಸ ಇದೆ ಅಂತ ಹೇಳಿದ್ದರೆ ಸಂತೋಷವಾಗಿ ದುಡ್ಡು ಕೊಡುತ್ತಿದ್ದೆ. ನಾಲ್ಕು ಅಂತ ಯಾಕೆ ಹೇಳಬೇಕು?

ಮಿಶಿಗನ್‌ನಲ್ಲಿ ಗಾಡಿ ರಿಪೇರಿ ಅಂಗಡಿಗಳಿಗೆ ಅಂತಲೇ 1974ರ ಒಂದು ಕಾಯಿದೆ ಇದೆ. ಅಂಗಡಿ ರಿಜಿಸ್ಟರ್ ಆಗಿರಬೇಕು, ಕೇಳಿದರೆ ಬದಲಾಯಿಸಿದ ಹಳೇ ಪಾರ್ಟು ವಾಪಸ್ ಕೊಡಬೇಕು. ಇಲ್ಲಿರುವ ನಮ್ಮವರು ಕೌಂಟರಿನಲ್ಲಿ ಜಗಳ ಯಾಕೆ ಅಂತ ಸುಮ್ನೆ ಬಂದುಬಿಡುತ್ತಾರೆ. ನಾನೂ ಎಷ್ಟೋ ಸಲ ಹಾಗೇ ಬಂದಿದ್ದೇನೆ. ಈ ಸಲ ಬಿಡಲಿಲ್ಲ. ದೂರು ತಗೊಳ್ಳುವುದು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ, ನಮ್ಮ ಆರ್‌ಟಿಒ ಇದ್ದ ಹಾಗೆ. ಸೋಮವಾರ ರಾತ್ರಿ ಕೂತು ಬರೆದೆ. ಪ್ರಿಂಟೌಟು, ಬಿಲ್ಲು, ಗೀರಿಲ್ಲದ ನಟ್ಟುಗಳ ಫೋಟೋ, ಎಲ್ಲವನ್ನೂ ಸೇರಿಸಿ ಕಳಿಸಿದ್ದೇನೆ. ಎಡಗಡೆ ಮುಂದಿನ ಟೈರಿನ ಹೊರ ಅಂಚು ಸವೆದಿರುವ ಫೋಟೋ ಕೂಡ. ಹೊಸ ಬೋಲ್ಟು, ಬುಶ್ಶು ಬುಧವಾರ ಬರುತ್ತವೆ. ಅಲ್ಲಿಯವರೆಗೆ ಮಗಳನ್ನು ಶಾಲೆಗೆ ಬಿಡುವುದು ಹೆಂಡತಿಯ ಕಾರಿನಲ್ಲಿ.