ಲೌಂಜ್ ಕ್ಯೂನಲ್ಲಿ ನಿಲ್ಲುವ ಮುನ್ನ ಒಂದಿಷ್ಟು ಲೆಕ್ಕ

ಬೆಂಗಳೂರಿಂದ ಬೆಳಗಿನ ಡೊಮೆಸ್ಟಿಕ್ ಫ್ಲೈಟ್ ಹಿಡಿಯುವವರು ಲೌಂಜಿನ, ಅಂದರೆ ಬ್ಯಾಂಕ್ ಕಾರ್ಡ್ ತೋರಿಸಿ ಒಳಗೆ ಹೋಗಿ ತಿಂದು ಕೂರುವ ಏರ್‌ಪೋರ್ಟಿನ ವಿಶ್ರಾಂತಿ ಕೋಣೆಯ, ಆಸೆ ಬಿಡುವುದೇ ವಾಸಿ. ಅದೇ ನಡುರಾತ್ರಿಯ ಇಂಟರ್‌ನ್ಯಾಷನಲ್ ಫ್ಲೈಟಿಗೆ ಹೊರಟವರು ಲೌಂಜ್ ಬಿಡಲೇಬಾರದು. ನನ್ನ ಅಭಿಪ್ರಾಯ ಇಷ್ಟೇ. ಬೈಯುವವರಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಮೊದಲು ಬೆಳಗಿನ ಲೆಕ್ಕ ನೋಡೋಣ. ಏಳು ಗಂಟೆಯ ಫ್ಲೈಟ್ ಅಂದುಕೊಳ್ಳಿ. ಹೊರಡುವ 25 ನಿಮಿಷ ಮುಂಚೆ ಗೇಟ್ ಮುಚ್ಚುತ್ತಾರೆ, ಅಂದರೆ 6.35ಕ್ಕೆ. ಬೋರ್ಡಿಂಗ್ 6.10ರ ಆಸುಪಾಸಿನಲ್ಲೇ ಶುರುವಾಗಿರುತ್ತದೆ. ಜಯನಗರದಿಂದಲೋ ವಿಜಯನಗರದಿಂದಲೋ ನಾಲ್ಕಕ್ಕೆ ಮನೆ ಬಿಟ್ಟು ಐದಕ್ಕೆ ದೇವನಹಳ್ಳಿ ತಲುಪಿದಿರಿ. ಬ್ಯಾಗ್ ಹಾಕಿ, ಸೆಕ್ಯುರಿಟಿ ಮುಗಿಸಿ ಆಚೆ ಬರುವಾಗ 5.40. ಅದೇ ಹೊತ್ತಿಗೆ ಬಾಂಬೆ, ದಿಲ್ಲಿ, ಹೈದರಾಬಾದ್ ಫ್ಲೈಟಿನ ಮಂದಿಯೆಲ್ಲ ಅದೇ ಕಾರ್ಡ್ ಹಿಡಿದು ಅದೇ ಬಾಗಿಲಿಗೆ ಬಂದಿರುತ್ತಾರೆ. ಕ್ಯೂ ಮುಗಿಸಿ ಒಳಗೆ ಹೋದಾಗ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಕಾಲು ಗಂಟೆ. ಅಷ್ಟರಲ್ಲಿ ಖಾಲಿ ಕುರ್ಚಿ ಹುಡುಕಬೇಕು, ತಟ್ಟೆ ಹಿಡಿದು ಇನ್ನೊಂದು ಕ್ಯೂ ನಿಲ್ಲಬೇಕು. ಗೇಟ್ ಟರ್ಮಿನಲ್‌ನ ಆ ತುದಿಯಲ್ಲಿದ್ದರೆ ನಡಿಗೆಯೇ ಹತ್ತು ನಿಮಿಷ. ವಿಮಾನದವರೆಗೆ ಬಸ್ಸಿನಲ್ಲಿ ಒಯ್ಯುವ ಗೇಟ್ ಆದರೆ ಇನ್ನೂ ಬೇಗ ಕರೆಯುತ್ತಾರೆ. ಲೌಂಜ್ ಒಳಗೆ ನಿಮ್ಮ ಫ್ಲೈಟಿನ ಅನೌನ್ಸ್‌ಮೆಂಟ್ ಕೇಳಿಸುತ್ತದೆ ಎಂದು ನಂಬಿ ಕೂರಬೇಡಿ. ಏರ್‌ಲೈನ್ ಆ್ಯಪ್‌ನಲ್ಲಿ ನೋಟಿಫಿಕೇಶನ್ ಆನ್ ಮಾಡಿಟ್ಟುಕೊಳ್ಳಿ, ಕೊನೇ ಗಳಿಗೆಯಲ್ಲಿ ಗೇಟ್ ಬದಲಾಗುವುದು ಮಾಮೂಲಿ.

ಇನ್ನು ತಿಂಡಿ. ಬಿಸಿನೀರಿನ ಮೇಲಿಟ್ಟ ಮುಚ್ಚಳದ ಪಾತ್ರೆಯಲ್ಲಿ ಅರ್ಧ ಗಂಟೆ ಕೂತ ಇಡ್ಲಿಯ ಮೇಲೆ ಮುಚ್ಚಳದ ಹಬೆ ನೀರಾಗಿ ತೊಟ್ಟಿಕ್ಕಿರುತ್ತದೆ. ಮೇಲೆ ಒದ್ದೆ, ಅಂಚು ಒಣಕಲು. ವಡೆಯ ಗತಿಯೂ ಅದೇ, ಗರಿ ಹೋಗಿ ಮೆತ್ತಗಾಗಿರುತ್ತದೆ. ಉಪ್ಪಿಟ್ಟು, ಪೊಂಗಲ್, ಬಿಸಿಬೇಳೆಬಾತ್ ಮಾತ್ರ ಹಬೆಯಲ್ಲಿ ಕೂತರೂ ಕೆಡುವುದಿಲ್ಲ, ಅವನ್ನೇ ಬಡಿಸಿಕೊಳ್ಳಿ. ದೋಸೆಯನ್ನೋ ಆಮ್ಲೆಟ್ಟನ್ನೋ ಎದುರಲ್ಲೇ ಹಾಕಿಕೊಡುವ ಕೌಂಟರ್ ಇದ್ದರೆ ಒಳಗೆ ಹೋದ ತಕ್ಷಣ ಅಲ್ಲಿ ಹೇಳಿಬಿಟ್ಟು, ಆಮೇಲೆ ಜಾಗ ಹುಡುಕಿ. ಕಾಫಿ ಬಹುಪಾಲು ಮೆಷಿನ್ನಿನದು. ಡಿಕಾಕ್ಷನ್ ಕಾಫಿಯೇ ಬೇಕೆಂಬ ಹಟದವರು ಹೊರಗೆ ಹಟ್ಟಿ ಕಾಪಿಯಲ್ಲಿ ಕುಡಿದೇ ಒಳಗೆ ಹೋಗುವುದು ಮೇಲು.

ಯಾವ ಟರ್ಮಿನಲ್, ಯಾವ ಲೌಂಜ್ ಎಂಬ ಗೊಂದಲ ಇನ್ನೂ ಹಲವರಿಗಿದೆ. ಎರಡನೇ ಟರ್ಮಿನಲ್, ಅಂದರೆ ಟಿ2, ಉದ್ಘಾಟನೆ ಆದದ್ದು 2022ರ ನವೆಂಬರ್ 11ರಂದು. ಡೊಮೆಸ್ಟಿಕ್ ಹಾರಾಟ ಶುರುವಾದದ್ದು 2023ರ ಜನವರಿ 15ಕ್ಕೆ. ಅದೇ ವರ್ಷ ಸೆಪ್ಟೆಂಬರ್ 12ರಿಂದ ಇಂಟರ್‌ನ್ಯಾಷನಲ್ ಫ್ಲೈಟುಗಳೆಲ್ಲ ಅಲ್ಲಿಗೆ ಹೋದವು. ಎರಡೂ ಟರ್ಮಿನಲ್‌ಗಳಲ್ಲಿ ಲೌಂಜಿನ ಹೆಸರು 080, ನಮ್ಮ ಹಳೆಯ ಎಸ್‌ಟಿಡಿ ಕೋಡ್. ಹೆಸರು ಒಂದೇ ಆದರೂ ಬಾಗಿಲು ಬೇರೆ ಬೇರೆ. ಟಿ1ರಲ್ಲಿ ಒಂದು, ಟಿ2 ಡೊಮೆಸ್ಟಿಕ್ ಕಡೆ ಇನ್ನೊಂದು, ಟಿ2 ಇಂಟರ್‌ನ್ಯಾಷನಲ್ ಕಡೆ ಮತ್ತೊಂದು. ಎಲ್ಲವೂ ಸೆಕ್ಯುರಿಟಿ ದಾಟಿದ ಮೇಲೆ, ಇಂಟರ್‌ನ್ಯಾಷನಲ್‌ನದು ಇಮಿಗ್ರೇಶನ್ನೂ ದಾಟಿದ ಮೇಲೆ. ಹಾಗಾಗಿ ಬೋರ್ಡಿಂಗ್ ಪಾಸ್ ಯಾವ ಟರ್ಮಿನಲ್‌ನದೋ ಆ ಲೌಂಜ್ ಮಾತ್ರ ನಿಮ್ಮದು. ‘ಟಿ2ದು ಚೆನ್ನಾಗಿದೆಯಂತೆ, ನೋಡಿ ಬರೋಣ’ ಎಂದು ಟಿ1 ಫ್ಲೈಟಿನವರು ಹೋಗಲಾಗದು.

ಹುಬ್ಬಳ್ಳಿ, ಮಂಗಳೂರು ಕಡೆಯಿಂದ ಬಂದು ಇಲ್ಲಿಂದ ವಿದೇಶಕ್ಕೆ ಹೋಗುವವರು ಎಡವುವುದು ಇಲ್ಲೇ. ಬೇರೆ ಬೇರೆ ಟಿಕೆಟ್ ಮಾಡಿಸಿ ಮಧ್ಯಾಹ್ನ ಮೂರಕ್ಕೆ ಬಂದಿಳಿದು, ರಾತ್ರಿ ಎರಡರ ಫ್ಲೈಟಿಗೆ ಅಷ್ಟೂ ಹೊತ್ತು ಲೌಂಜಲ್ಲಿ ಕಳೆಯೋಣ ಎಂದುಕೊಂಡಿರುತ್ತಾರೆ. ಆಗುವುದಿಲ್ಲ. ಬ್ಯಾಗ್ ತೆಗೆದುಕೊಂಡು ಹೊರಗೆ ಬರಬೇಕು, ಇಳಿದದ್ದು ಟಿ1ರಲ್ಲಾದರೆ ಶಟಲ್ ಬಸ್ಸಿನಲ್ಲಿ ಟಿ2ಗೆ ಹೋಗಬೇಕು. ಇಂಟರ್‌ನ್ಯಾಷನಲ್ ಚೆಕ್-ಇನ್ ಕೌಂಟರ್ ತೆರೆಯುವುದೇ ಫ್ಲೈಟಿಗೆ ಮೂರು-ನಾಲ್ಕು ಗಂಟೆ ಮುಂಚೆ. ಅಲ್ಲಿಯವರೆಗೆ ದೊಡ್ಡ ಬ್ಯಾಗ್ ಕೈಯಲ್ಲೇ. ಲೌಂಜಿನ ನಿಯಮವೂ ಸಾಮಾನ್ಯವಾಗಿ ಎರಡು ಅಥವಾ ಮೂರು ಗಂಟೆ ಕೂರುವುದಕ್ಕೆ ಮಾತ್ರ. ಇಂಥ ಉದ್ದದ ಗ್ಯಾಪ್ ಇದ್ದರೆ ಗಂಟೆ ಲೆಕ್ಕದಲ್ಲಿ ರೂಮು ಮಾಡುವುದು ಲೌಂಜಿಗಿಂತ ಸಾವಿರ ಪಾಲು ಮೇಲು, ಅದರಲ್ಲೂ ವಯಸ್ಸಾದ ಅಪ್ಪ-ಅಮ್ಮ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದರೆ. ರೂಮು ಬೇಡವಾದರೆ ಟಿ1 ಎದುರಿನ ಕ್ವಾಡ್ ಎಂಬ ಅಂಗಳದಲ್ಲಿ ಊಟ, ಕಾಫಿ, ಕೂರಲು ಜಾಗ ಇದೆ. ಯಾವ ಕಾರ್ಡೂ ಬೇಕಿಲ್ಲ.

ಈಗ ಕಾರ್ಡಿನ ವಿಷಯ. ‘ಫ್ರೀ ಲೌಂಜ್’ ಎಂಬ ಮಾತು ಹಳತಾಯಿತು. 2023ರ ಡಿಸೆಂಬರ್‌ನಿಂದ ಎಚ್‌ಡಿಎಫ್‌ಸಿ ಮಿಲೇನಿಯಾ ಕಾರ್ಡಿಗೆ ಮೂರು ತಿಂಗಳಲ್ಲಿ ಒಂದು ಲಕ್ಷ ಖರ್ಚು ಮಾಡಿದರಷ್ಟೇ ಲೌಂಜ್ ಎಂದಾಯಿತು. ಐಸಿಐಸಿಐ 2024ರ ಏಪ್ರಿಲ್‌ನಲ್ಲಿ ಹಲವು ಕಾರ್ಡುಗಳಿಗೆ ಹಿಂದಿನ ತ್ರೈಮಾಸಿಕದಲ್ಲಿ ₹35,000 ಖರ್ಚಿನ ಷರತ್ತು ಹಾಕಿತು, ಅದೇ ನವೆಂಬರ್ 15ರಿಂದ ಅದನ್ನು ₹75,000ಕ್ಕೆ ಏರಿಸಿತು. ಆ್ಯಕ್ಸಿಸ್ 2024ರ ಮೇ ತಿಂಗಳಿಂದ ಕೆಲವು ಕಾರ್ಡುಗಳಿಗೆ ಹಿಂದಿನ ಮೂರು ತಿಂಗಳಲ್ಲಿ ₹50,000 ಎಂದಿತು. ಮುಕ್ಕಾಲು ಲಕ್ಷ ಖರ್ಚು ಮಾಡಿ ಸಿಗುವುದು ಒಂದು ತಿಂಡಿ ಮತ್ತು ಒಂದು ಕುರ್ಚಿ. ಹೇಗಿದ್ದರೂ ಆಗುವ ಖರ್ಚಾದರೆ ಸರಿ, ಲೌಂಜಿಗೋಸ್ಕರ ಖರ್ಚು ಹುಡುಕುವವರಿಗೆ ಏನು ಹೇಳೋಣ! ಇನ್ನೊಂದು, ಮನೆ ಬಾಡಿಗೆ, ವಾಲೆಟ್ ಲೋಡ್, ಪೆಟ್ರೋಲ್ ಮುಂತಾದವನ್ನು ಹಲವು ಬ್ಯಾಂಕುಗಳು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ತ್ರೈಮಾಸಿಕ ಎಂದರೆ ಕ್ಯಾಲೆಂಡರ್ ಪ್ರಕಾರ, ಜನವರಿ-ಮಾರ್ಚ್, ಏಪ್ರಿಲ್-ಜೂನ್ ಹೀಗೆ. ನಿಮ್ಮ ಬಿಲ್ ಸೈಕಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಲೌಂಜ್ ಮತ್ತು ಬ್ಯಾಂಕುಗಳ ನಡುವೆ ದಲ್ಲಾಳಿಯಂತಿದ್ದ ಡ್ರೀಮ್‌ಫೋಕ್ಸ್ 2025ರ ಸೆಪ್ಟೆಂಬರ್ 16ರಿಂದ ಡೊಮೆಸ್ಟಿಕ್ ಲೌಂಜ್ ಸೇವೆ ನಿಲ್ಲಿಸಿತು. ಅಲ್ಲಿಂದೀಚೆಗೆ ಒಂದೊಂದು ಬ್ಯಾಂಕಿನದು ಒಂದೊಂದು ದಾರಿ: ಕೆಲವದ್ದು ಸ್ವೈಪ್, ಕೆಲವದ್ದು ಆ್ಯಪ್‌ನಲ್ಲಿ ಬರುವ ಕ್ಯೂಆರ್ ವೋಚರ್. ವೋಚರ್ ಇದ್ದವರು ಮನೆಯಲ್ಲೇ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೌಂಟರ್ ಮುಂದೆ ನಿಂತು ಲಾಗಿನ್ ಆಗಲು ಓಟಿಪಿ ಕಾಯುವವರಿಂದಲೇ ಅರ್ಧ ಕ್ಯೂ ಬೆಳೆಯುವುದು. ಎರಡು-ಮೂರು ವರ್ಷ ಹಳೆಯ ಯೂಟ್ಯೂಬ್ ವಿಡಿಯೋ ನೋಡಿ ಹೊರಡಬೇಡಿ, ಬ್ಯಾಂಕಿನ ಸ್ವಂತ ವೆಬ್‌ಸೈಟಿನ ಪಟ್ಟಿಯಲ್ಲಿ ಬೆಂಗಳೂರು, ಟರ್ಮಿನಲ್, ಡೊಮೆಸ್ಟಿಕ್ಕೋ ಇಂಟರ್‌ನ್ಯಾಷನಲ್ಲೋ, ಮೂರನ್ನೂ ನೋಡಿಕೊಳ್ಳಿ.

ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ನೋಡಿ, ಕಾರ್ಡಿನ ಹೆಸರು ತಾಳೆ ಹಾಕಿ, ಮೆಷಿನ್ನಿಗೆ ಹಾಕುತ್ತಾರೆ. ಸಾಮಾನ್ಯವಾಗಿ ₹2 ಕಡಿತವಾಗುತ್ತದೆ, ಅದು ಕಾರ್ಡ್ ಜೀವಂತವಿದೆಯೇ ಎಂದು ನೋಡುವ ವ್ಯವಹಾರ. ಡಿಕ್ಲೈನ್ ಆದರೆ ಕಾರಣ ಸಾಮಾನ್ಯವಾಗಿ ಈ ಕೆಲವೇ. ಉಚಿತ ಭೇಟಿಗಳ ಕೋಟಾ ಮುಗಿದಿದೆ. ಅಥವಾ ಖರ್ಚಿನ ಷರತ್ತು ತುಂಬಿಲ್ಲ. ಅಥವಾ ನೀವೇ ಬ್ಯಾಂಕ್ ಆ್ಯಪ್‌ನಲ್ಲಿ ಅಂಗಡಿ ಮೆಷಿನ್ ವ್ಯವಹಾರ ಆಫ್ ಮಾಡಿ ಮರೆತಿದ್ದೀರಿ. 2020ರ ಅಕ್ಟೋಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ನಾವು ಆನ್ ಮಾಡುವವರೆಗೆ ಆಫ್ ಇರುತ್ತದೆ. ಹೊರದೇಶದ ಲೌಂಜಿಗೆ ಅದೇ ಕಾರ್ಡ್ ತೋರಿಸುವವರು ಇಲ್ಲಿಂದ ಹೊರಡುವ ಮುನ್ನವೇ ಆನ್ ಮಾಡಿ, ಅಲ್ಲಿ ಹೋದ ಮೇಲೆ ಓಟಿಪಿ ಬರುವ ಭರವಸೆ ಇಲ್ಲ. ನಮ್ಮ ಕಡೆಯವರ ವಿಶೇಷ ತಾಪತ್ರಯ ಇನಿಷಿಯಲ್‌ನದು. ಕಾರ್ಡಿನಲ್ಲಿ ‘ಬಿ ಕೆ ರಮೇಶ್’, ಪಾಸ್‌ಪೋರ್ಟ್ ನೋಡಿ ಮಾಡಿಸಿದ ಟಿಕೆಟ್‌ನಲ್ಲಿ ಅಪ್ಪನ ಹೆಸರು, ಊರ ಹೆಸರೆಲ್ಲ ಬಿಡಿಸಿ ಬರೆದಿರುತ್ತದೆ. ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯವಾಗಿ ಬಿಡುತ್ತಾರೆ, ಅದನ್ನು ಬ್ಯಾಗಿನ ತಳಕ್ಕೆ ಸೇರಿಸಿರಬೇಡಿ ಅಷ್ಟೆ.

ಹಲವು ದೇಶಗಳ ಲೌಂಜುಗಳಿಗೆ ನಡೆಯುವ ಸದಸ್ಯತ್ವ ಕಾರ್ಡಾದ ಪ್ರಯಾರಿಟಿ ಪಾಸ್ ಇದ್ದವರು ಇದೊಂದನ್ನು ಗಮನಿಸಿ. ನಮ್ಮ ಬ್ಯಾಂಕುಗಳು ಕೊಡುವ ಪ್ರಯಾರಿಟಿ ಪಾಸ್‌ನಲ್ಲಿ ಉಚಿತ ಭೇಟಿ ಹಲವು ಸಲ ಭಾರತದ ಹೊರಗೆ ಮಾತ್ರ. ಎಚ್‌ಡಿಎಫ್‌ಸಿ ರೆಗಾಲಿಯಾ ಥರದ ಕಾರ್ಡುಗಳ ಪಾಸನ್ನು ಭಾರತದ ಲೌಂಜಲ್ಲಿ ತೋರಿಸಿದರೆ ಒಳಗೆ ಬಿಡುತ್ತಾರೆ, ಯಾರೂ ತಡೆಯುವುದಿಲ್ಲ. ಬಿಲ್ ಮಾತ್ರ ಆಮೇಲೆ ಬರುತ್ತದೆ, 27 ಡಾಲರ್, ಅದರ ಮೇಲೆ ಜಿಎಸ್‌ಟಿ. ಶೇ 18 ಸೇರಿದರೆ 31.86 ಡಾಲರ್! ಭಾರತದೊಳಗೆ ಕ್ರೆಡಿಟ್ ಕಾರ್ಡನ್ನೇ ಕೊಡಿ, ಪಾಸ್ ಪರ್ಸಿನಲ್ಲೇ ಇರಲಿ. ಕುಟುಂಬ ಸಮೇತ ಹೋಗುವಾಗಲೂ ಒಂದು ಕಾರ್ಡಿಗೆ ಒಬ್ಬರೇ ಎಂದು ಲೆಕ್ಕ ಹಾಕಿಕೊಳ್ಳಿ. ಗಂಡ-ಹೆಂಡತಿ ಇಬ್ಬರಿಗೂ ರುಪೇ ಪ್ಲಾಟಿನಂ ಡೆಬಿಟ್ ಕಾರ್ಡ್ ಇದ್ದರೆ ಅದರಲ್ಲೇ ಲೌಂಜ್ ಇರಬಹುದು, ಬ್ಯಾಂಕಿನಲ್ಲಿ ಕೇಳಿ. ಮಕ್ಕಳಿಗೆ ದುಡ್ಡು ಕಟ್ಟಬೇಕಾಗಿ ಬಂದರೆ ನಾಲ್ಕು ಜನ ಹೊರಗೆ ಹೋಟೆಲಿನಲ್ಲಿ ತಿಂದರೇ ಅಗ್ಗ.

ಮೇಲೆ ಆ್ಯಪ್ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಏರ್‌ಪೋರ್ಟಿನಲ್ಲಿ ಲೌಂಜ್ ಹುಡುಕುತ್ತಿದ್ದ ಮಹಿಳೆಯೊಬ್ಬರು ‘ಲೌಂಜ್ ಪಾಸ್’ ಎಂಬ ನಕಲಿ ಆ್ಯಪ್ ಹಾಕಿಕೊಂಡು ₹87,000ಕ್ಕೂ ಹೆಚ್ಚು ಕಳೆದುಕೊಂಡ ಸುದ್ದಿ ಎಲ್ಲ ಕಡೆ ಬಂತು. ಇಂಥ ಆ್ಯಪ್ ಪ್ಲೇ ಸ್ಟೋರ್‌ನಿಂದ ಬರುವುದಿಲ್ಲ, ಯಾವುದೋ ಲಿಂಕಿನಿಂದ ನೇರ ಫೋನಿಗಿಳಿಯುತ್ತದೆ. ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟಿರೋ, ನಿಮ್ಮ ಓಟಿಪಿಗಳೆಲ್ಲ ಅವರ ಕೈಗೆ. ಕರೆಗಳನ್ನೂ ಬೇರೆ ನಂಬರಿಗೆ ತಿರುಗಿಸಿಬಿಟ್ಟರೆ ಬ್ಯಾಂಕ್ ಫೋನ್ ಮಾಡಿದರೂ ನಿಮಗೆ ಗೊತ್ತಾಗುವುದಿಲ್ಲ. ಅನುಮಾನ ಬಂದರೆ *#21# ಒತ್ತಿ ಕರೆ ಎಲ್ಲಿಗೆ ಹೋಗುತ್ತಿದೆ ನೋಡಿ, ##002# ಒತ್ತಿ ಎಲ್ಲ ಫಾರ್ವರ್ಡ್ ರದ್ದು ಮಾಡಿ, ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ರಾತ್ರಿಯ ಇಂಟರ್‌ನ್ಯಾಷನಲ್ ಫ್ಲೈಟಿಗೆ ಲೌಂಜ್ ಬೇಕೇ ಬೇಕು ಎಂದೆನಲ್ಲ, ಅದು ಊಟಕ್ಕಲ್ಲ. ಮೂರು ಗಂಟೆ ಮುಂಚೆ ಹೋಗಲೇಬೇಕು, ಹೆಬ್ಬಾಳದ ಟ್ರಾಫಿಕ್ಕಿಗೆ ಹೆದರಿ ನಾವು ನಾಲ್ಕು ಗಂಟೆ ಮುಂಚೆಯೇ ಹೋಗಿರುತ್ತೇವೆ. ದಿನವಿಡೀ ಕೆಲಸ ಮಾಡಿ ಬಂದ ಮೈಗೆ ಶವರ್ ಸಿಕ್ಕರೆ ಮುಂದಿನ ಹತ್ತು ಗಂಟೆ ಹಾಯಾಗಿರುತ್ತದೆ. ಒಳಗೆ ಹೋದ ಕೂಡಲೇ ಶವರಿಗೆ ಹೆಸರು ಬರೆಸಿ, ನಡುರಾತ್ರಿ ಅದಕ್ಕೂ ಸರದಿ ಇರುತ್ತದೆ. ಚಪ್ಪಲಿ ಮತ್ತು ಒಂದು ತೆಳು ಟವೆಲ್ ಕೈಚೀಲದಲ್ಲಿರಲಿ.

ಎರಡನೆಯದು ಚಾರ್ಜಿಂಗ್. ಇದು ಈಚೆಗೆ ಹೆಚ್ಚು ಮುಖ್ಯವಾಗಿದೆ. ಸಿಂಗಪುರ್ ಏರ್‌ಲೈನ್ಸ್ 2025ರ ಏಪ್ರಿಲ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕಿನಿಂದ ಫೋನ್ ಚಾರ್ಜ್ ಮಾಡುವುದನ್ನು ನಿಲ್ಲಿಸಿತು. ಎಮಿರೇಟ್ಸ್ ಅದೇ ವರ್ಷ ಅಕ್ಟೋಬರ್ 1ರಿಂದ ಒಬ್ಬರಿಗೆ 100 ವ್ಯಾಟ್-ಅವರ್‌ಗಿಂತ ಕಡಿಮೆಯ ಒಂದೇ ಪವರ್ ಬ್ಯಾಂಕ್, ಅದನ್ನೂ ಬಳಸುವಂತಿಲ್ಲ ಎಂದಿತು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್, ಒಯ್ಯಲು ಅಡ್ಡಿಯಿಲ್ಲ, ಆದರೆ ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ. ಹಾಗಾಗಿ ಬ್ಯಾಟರಿ ತುಂಬಿಸಬೇಕಾದದ್ದು ನೆಲದ ಮೇಲೇ. ಕುರ್ಚಿ ಪಕ್ಕದ ಯುಎಸ್‌ಬಿ ತೂತುಗಳನ್ನು ನಂಬಿದರೆ ಎರಡು ಗಂಟೆಯಲ್ಲೂ ಫೋನ್ ತುಂಬುವುದಿಲ್ಲ, ಲ್ಯಾಪ್‌ಟಾಪ್ ಅಂತೂ ಕೇಳಲೇಬೇಡಿ. 65 ವ್ಯಾಟಿನ ಟೈಪ್-ಸಿ ಅಡಾಪ್ಟರ್ ಒಯ್ಯಿರಿ, ಕೂರುವ ಮುನ್ನ ಗೋಡೆಯ ಪ್ಲಗ್ಗಿಗೆ ಹಾಕಿ ಕರೆಂಟ್ ಇದೆಯೇ ನೋಡಿ. ಬಳಸಿ ಬಳಸಿ ಸಡಿಲಾದ ಸಾಕೆಟ್‌ನಲ್ಲಿ ಪ್ಲಗ್ ಜಾರಿಕೊಳ್ಳುವುದು ಲೌಂಜುಗಳ ಸಾಮಾನ್ಯ ರೋಗ.

ಹೆಚ್ಚು ಓಡಾಡುವವರಿಗೆ ಕಾರ್ಡಿಗಿಂತ ಏರ್‌ಲೈನ್ ಸ್ಟೇಟಸ್, ಅಂದರೆ ಪದೇ ಪದೇ ಹಾರುವವರಿಗೆ ಏರ್‌ಲೈನ್ ಕೊಡುವ ದರ್ಜೆ, ಲಾಭ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಎಂಬ ಏರ್‌ಲೈನ್‌ಗಳ ಬಳಗದಲ್ಲಿದೆ. ಅವರ ಸದಸ್ಯತ್ವ ಯೋಜನೆಯಾದ ಮಹಾರಾಜ ಕ್ಲಬ್‌ನಲ್ಲಿ ಗೋಲ್ಡ್ ಆದರೆ ಆ ಬಳಗದ ಸ್ಟಾರ್ ಗೋಲ್ಡ್ ದರ್ಜೆ ಸಿಗುತ್ತದೆ. ಎಕಾನಮಿಯಲ್ಲಿ ಕೂತರೂ ಆ ಬಳಗದ ಫ್ಲೈಟ್ ಹಿಡಿಯುವಾಗ ಲೌಂಜ್ ಉಂಟು, ಅದೇ ಬಳಗದಲ್ಲಿ ಹಾರುವ ಒಬ್ಬ ಜೊತೆಗಾರರಿಗೂ ಉಂಟು. ಕಂಪನಿ ಖರ್ಚಿನಲ್ಲಿ ಓಡಾಡುವ ಐಟಿ ಮಂದಿ ಫ್ಲೈಟನ್ನು ಕಂಡಕಂಡಲ್ಲಿ ಹಂಚದೆ ಒಂದೇ ಬಳಗದಲ್ಲಿ ಇಟ್ಟರೆ ಖರ್ಚಿನ ಷರತ್ತಿನ ತಲೆನೋವೇ ಇಲ್ಲ.

ದಾರಿ ನಡುವಿನ ಏರ್‌ಪೋರ್ಟುಗಳಲ್ಲಿ ಎರಡು ಕಡೆ ಮಾತ್ರ ಎಚ್ಚರ ಹೇಳುತ್ತೇನೆ. ಸಿಂಗಪುರದ ಚಾಂಗಿಯಲ್ಲಿ ಲೌಂಜ್ ಇಲ್ಲದಿದ್ದರೂ ನಡೆಯುತ್ತದೆ, ಒರಗಿ ಮಲಗುವ ಕುರ್ಚಿಗಳು ಟರ್ಮಿನಲ್ ಒಳಗೇ ಪುಕ್ಕಟೆ. ಆದರೆ ಎಲ್ಲರೂ ಫೋಟೋ ಹಾಕುವ ಜ್ಯುವೆಲ್ ಜಲಪಾತ ಇಮಿಗ್ರೇಶನ್ನಿನ ಹೊರಗಿದೆ, ವೀಸಾ ಇಲ್ಲದೆ ಅದನ್ನು ನೆಚ್ಚಿಕೊಂಡು ಹೋಗಬೇಡಿ. ಫ್ರಾಂಕ್‌ಫರ್ಟಿನಂಥ ಕಡೆ ಲೌಂಜುಗಳು ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಭಾಗದಲ್ಲೂ ಇವೆ, ಅದರ ಹೊರಗೂ ಇವೆ. ಅಮೆರಿಕಕ್ಕೆ ಮುಂದುವರಿಯುವವರ ಗೇಟ್ ಷೆಂಗೆನ್ ಹೊರಗಿನ ಭಾಗದಲ್ಲಿರುತ್ತದೆ. ಆ್ಯಪ್ ತೋರಿಸುವ ‘ಹತ್ತಿರದ ಲೌಂಜ್’ ಪಾಸ್‌ಪೋರ್ಟ್ ಕಂಟ್ರೋಲಿನ ಆಚೆಗಿದ್ದರೆ ಷೆಂಗೆನ್ ವೀಸಾ ಇಲ್ಲದೆ ಅಲ್ಲಿಗೆ ಕಾಲಿಡಲಾಗದು. ಲೌಂಜಿನ ಹೆಸರಿನ ಕೆಳಗೆ ಯಾವ ಕಾನ್‌ಕೋರ್ಸ್, ಯಾವ ಗೇಟ್ ಹತ್ತಿರ ಎಂದು ಬರೆದಿರುತ್ತದೆ, ಬೋರ್ಡಿಂಗ್ ಪಾಸಿನ ಗೇಟ್ ಅಕ್ಷರದ ಜೊತೆ ಹೋಲಿಸಿ ನೋಡಿಕೊಂಡು ನಡೆಯಿರಿ.