ಎಸಿ, ಗೀಸರ್ ಹಿಡಿತದಲ್ಲಿಟ್ಟರೆ ಭೂಮಿ ಉಳಿಯುತ್ತಾ? ಪರ-ವಿರೋಧ

ಪರ: ರಿಮೋಟ್ ನಮ್ಮ ಕೈಯಲ್ಲೇ ಇದೆ

ಮನೆಯ ಕರೆಂಟು ಎಲ್ಲಿ ಹೋಗುತ್ತದೆ ಅಂತ ಕೇಳಿದರೆ ಜಾಸ್ತಿ ಜನ ಲೈಟು, ಟಿವಿ ಕಡೆ ಕೈ ತೋರಿಸುತ್ತಾರೆ. ಲೆಕ್ಕ ಹಾಗಿಲ್ಲ. ನೂರು ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ಬೇಕು. ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಹಗಲೂ ರಾತ್ರಿ 18 ದಿನ ಉರಿಯುತ್ತದೆ. ಕಲ್ಲಿದ್ದಲಿನಿಂದ ಬಂದ ಕರೆಂಟಾದರೆ ಒಂದು ಯೂನಿಟ್‌ಗೆ ಹೆಚ್ಚುಕಡಿಮೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಉಳಿಸುವುದಾದರೆ ಇಲ್ಲಿ ಉಳಿಸಬೇಕು, ಅಲ್ವಾ?

ಎಸಿ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಸೆಕೆಯನ್ನು ಹೊರಗೆ ಸಾಗಿಸುತ್ತದೆ, ಅಷ್ಟೇ. ಒಳಗಿಗೂ ಹೊರಗಿಗೂ ಅಂತರ ಹೆಚ್ಚಿದಷ್ಟೂ ಕಂಪ್ರೆಸರ್ ಜಾಸ್ತಿ ದುಡಿಯಬೇಕು. ಎಸಿಯನ್ನು 26 ಡಿಗ್ರಿಗಿಟ್ಟು ಫ್ಯಾನ್ ಹಾಕಿ. ಗಾಳಿ ಮೈಮೇಲೆ ಬೀಸಿದರೆ ಒಂದೆರಡು ಡಿಗ್ರಿ ಇಳಿದಂತೆಯೇ ಅನಿಸುತ್ತದೆ. ಜಪಾನ್ ಸರ್ಕಾರ 2005ರಲ್ಲೇ ಕಚೇರಿಗಳಿಗೆ ಕೋಟು, ಟೈ ಬಿಡಿ, ಬೇಸಿಗೆಯಲ್ಲಿ 28 ಡಿಗ್ರಿ ಸಾಕು ಎಂದಿತ್ತು.

ಚಳಿ ದೇಶದವರಿಗೆ ಹೀಟ್ ಪಂಪ್ ಇದೆ, ಅಂದರೆ ಹೊರಗಿನ ಬಿಸಿಯನ್ನು ಒಳಗೆ ಸಾಗಿಸುವ, ಎಸಿಯ ಉಲ್ಟಾ ಯಂತ್ರ. ಒಂದು ಯೂನಿಟ್ ಕರೆಂಟು ತಿಂದು ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಕೊಡುತ್ತದೆ. ಕಾಯಿಲ್ ಹೀಟರ್‌ನಲ್ಲಿ ಒಂದಕ್ಕೆ ಒಂದೇ.

ಎಸಿ ಇಲ್ಲದವರು, ವಯಸ್ಸಾದವರು ಏನು ಮಾಡಬೇಕು ಅಂತ ಕೇಳುತ್ತಾರೆ. ಅದು ಬೇರೆಯೇ ಚರ್ಚೆ. ರಿಮೋಟ್ ಕೈಯಲ್ಲಿರುವವರು ಎರಡು ಡಿಗ್ರಿ ಏರಿಸಲಿ ಎನ್ನುವುದಷ್ಟೇ ನನ್ನ ಮಾತು.

ವಿರೋಧ: ಸೆಕೆಯಲ್ಲಿ ಕೂತವರನ್ನು ಕೇಳಿ

ಎರಡು ಡಿಗ್ರಿ ಏರಿಸಿ ಅನ್ನುವವರು ಮೇಲಿನ ಮಹಡಿಯಲ್ಲಿ ಒಂದು ಬೇಸಿಗೆ ಕಳೆದಂತೆ ಕಾಣುವುದಿಲ್ಲ. ನಾವು ಕಳೆದಿದ್ದೇವೆ. ಬಾಡಿಗೆ ಮನೆ, ತಲೆಯ ಮೇಲೆ ಬರೀ ಕಾಂಕ್ರೀಟ್ ತಾರಸಿ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬು ರಾತ್ರಿ ಹನ್ನೊಂದಾದರೂ ಆರುತ್ತಿರಲಿಲ್ಲ. ಗೋಡೆ ಮುಟ್ಟಿದರೆ ಜ್ವರ ಬಂದವರ ಮೈ ಮುಟ್ಟಿದ ಹಾಗೆ. ಫ್ಯಾನ್ ಹಾಕಿದರೆ ಸೂರಿನ ಕೆಳಗಿನ ಬಿಸಿಗಾಳಿಯೇ ಮುಖಕ್ಕೆ ಬಡಿಯುತ್ತಿತ್ತು. ಅಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಟವೆಲ್ ಒದ್ದೆ ಮಾಡಿ, ಹಿಂಡಿ, ಕುತ್ತಿಗೆಗೆ ಸುತ್ತಿಕೊಂಡು ಮಂಚದ ತುದಿಯಲ್ಲಿ ಕೂತಿರುತ್ತಿದ್ದರು. "ನಿದ್ದೆ ಬರ್ತಿಲ್ವಾ ಅಮ್ಮಾ?" ಅಂದರೆ "ನೀನು ಮಲ್ಕೋ" ಅನ್ನುತ್ತಿದ್ದರು. ತಾರಸಿಗೆ ಬಿಳಿ ಬಣ್ಣ ಹೊಡೆಸಿ, ಅರ್ಧ ಖರ್ಚು ನಾವೇ ಹಾಕುತ್ತೇವೆ ಅಂತ ಮನೆ ಓನರ್‌ಗೆ ಹೇಳಿದೆವು. ಮುಂದಿನ ವರ್ಷ ನೋಡೋಣ ಅಂದರು. ಕೊನೆಗೆ ಎಸಿ ತಂದೆವು. ಅವತ್ತು ರಾತ್ರಿ ಅಮ್ಮ ಮಲಗಿದರು. ಆ ನಿದ್ದೆಗೆ ಎಷ್ಟು ಕಿಲೋ ಕಾರ್ಬನ್ ಅಂತ ಯಾರೂ ನನ್ನನ್ನು ಕೇಳಬೇಡಿ. ಕೇಳುವುದಾದರೆ ತಾರಸಿಗೆ ಸೆಕೆ ತಡೆಯುವ ಪದರ ಹಾಕದೆ ಮನೆ ಕಟ್ಟಲು, ಬಾಡಿಗೆಗೆ ಕೊಡಲು ಬಿಡುವವರನ್ನು ಕೇಳಿ.

ಸೆಕೆ ಜೀವ ತೆಗೆಯುತ್ತದೆ. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಎಂದಿಗಿಂತ 70 ಸಾವಿರಕ್ಕೂ ಹೆಚ್ಚು ಸಾವುಗಳಾದವು. ಸತ್ತವರಲ್ಲಿ ವಯಸ್ಸಾದವರೇ ಜಾಸ್ತಿ. ಇದು ಹೇಗೆ "ಬೇರೆಯೇ ಚರ್ಚೆ" ಆಗುತ್ತದೆ? ಗೀಸರ್ ವಿಷಯವೂ ಅಷ್ಟು ಸಲೀಸಲ್ಲ. ನೀರು ಶೇಖರಿಸುವ ಟ್ಯಾಂಕನ್ನು ಸುಮ್ನೆ ಉಗುರುಬೆಚ್ಚಗೆ ಇಟ್ಟರೆ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಟ್ಯಾಂಕಿನಲ್ಲಿ 60 ಡಿಗ್ರಿ ಇಡಿ ಅನ್ನುವುದು ಅದಕ್ಕೇ.

ಹಾಗಂತ 18ಕ್ಕಿಟ್ಟು ಕಂಬಳಿ ಹೊದೆಯುವವರ ಪರ ನಾನಿಲ್ಲ. ನನ್ನ ತಕರಾರು ಭಾರವನ್ನೆಲ್ಲ ಮನೆಯವರ ಮೇಲೆ ಹೊರಿಸುವುದರ ಬಗ್ಗೆ. ಒಬ್ಬೊಬ್ಬರಿಂದ ಎಷ್ಟು ಕಾರ್ಬನ್ ಗಾಳಿಗೆ ಸೇರುತ್ತದೆ ಅಂತ ಅಳೆಯುವ ಈ 'ಕಾರ್ಬನ್ ಹೆಜ್ಜೆಗುರುತು' ಎಂಬ ಮಾತನ್ನು ಜನರ ಬಾಯಿಗೆ ತಂದ ದೊಡ್ಡ ಜಾಹೀರಾತು ಯಾರದು? ತೈಲ ಕಂಪನಿ ಬ್ರಿಟಿಷ್ ಪೆಟ್ರೋಲಿಯಂನದ್ದು. ನಿಮ್ಮ ಮನೆಯ ಲೆಕ್ಕ ನೀವೇ ಹಾಕಿ ಅಂತ 2004ರಲ್ಲಿ ಕ್ಯಾಲ್ಕುಲೇಟರನ್ನೂ ಕೊಟ್ಟಿತು.

ಇನ್ನು ಎಸಿಯೊಳಗಿನ ಗ್ಯಾಸ್. ಬಹಳ ಮನೆಗಳಲ್ಲಿರುವ ಆರ್-410ಎ ಒಂದು ಕಿಲೋ ಸೋರಿದರೆ ಸುಮಾರು ಎರಡು ಸಾವಿರ ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಹಾನಿ. ರಿಮೋಟ್‌ನಲ್ಲಿ ಇದಕ್ಕೆ ಗುಂಡಿ ಇಲ್ಲ. ಇಂಥ ಗ್ಯಾಸ್‌ಗಳನ್ನು ಹಂತಹಂತವಾಗಿ ಇಳಿಸಲು ದೇಶಗಳು 2016ರಲ್ಲಿ ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ಒಪ್ಪಿಕೊಂಡಿವೆ. ಗಡುವು ಮಾತ್ರ ಹಲವು ದೇಶಗಳಿಗೆ 2040ರ ದಶಕದವರೆಗೂ ಇದೆ. ಒತ್ತಾಯ ಮಾಡುವುದಾದರೆ ಆ ಗಡುವನ್ನು ಇನ್ನೂ ಬೇಗನೆ ಇಡಿ ಅಂತ ಮಾಡೋಣ.